ನಲವತ್ತು ದಾಟಿದ ಮೇಲೆ ಪ್ಯಾರಾ ಸೈಕ್ಲಿಂಗ್: ವಿಜಯಪುರದಲ್ಲಿ ಶುರು ಮಾಡುವವರಿಗೆ

ಕೈಕೊ ಸುಗಿಯುರಾ ಜಪಾನಿನ ಪ್ಯಾರಾ ಸೈಕ್ಲಿಸ್ಟ್, ಅಂದರೆ ಅಂಗವಿಕಲರ ಸೈಕಲ್ ಸ್ಪರ್ಧೆಗಳಲ್ಲಿ ಓಡಿಸುವವರು. 1970ರಲ್ಲಿ ಹುಟ್ಟಿದವರು, ಓದಿನಿಂದ ಫಾರ್ಮಸಿಸ್ಟ್. 2016ರಲ್ಲಿ ಸೈಕಲ್ ರೇಸ್ ಒಂದರಲ್ಲಿ ಬಿದ್ದು ತಲೆಗೆ ಭಾರಿ ಪೆಟ್ಟಾಯಿತು. ಬಲಗೈ, ಬಲಗಾಲಿನ ಶಕ್ತಿ ಹೋಯಿತು, ನೆನಪಿನ ತೊಂದರೆಯೂ ಬಂತು. ಮರುವರ್ಷ ದಕ್ಷಿಣ ಆಫ್ರಿಕಾದಲ್ಲಿ ನಡೆದ ಪ್ಯಾರಾ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟೈಮ್ ಟ್ರಯಲ್ ಚಿನ್ನ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ, 50ನೇ ವಯಸ್ಸಿಗೆ, ಎರಡು ಚಿನ್ನ. 2024ರ ಪ್ಯಾರಿಸ್‌ನಲ್ಲಿ, 53ಕ್ಕೆ, ಇನ್ನೊಂದು. ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಜಪಾನಿಗರಲ್ಲಿ ಅತಿ ಹಿರಿಯರು ಅನ್ನೋ ದಾಖಲೆ ಅವರದು, ಅದನ್ನು ಪ್ಯಾರಿಸ್‌ನಲ್ಲಿ ಮುರಿದವರೂ ಅವರೇ. ಅತಿ ಕಿರಿಯರ ದಾಖಲೆ ಇನ್ನು ನನ್ನಿಂದ ಆಗಲ್ಲ, ಹಿರಿಯರದ್ದಾದರೆ ಮತ್ತೆ ಮಾಡಬಹುದು ಅನ್ನೋ ಅರ್ಥದ ಮಾತನ್ನು ಟೋಕಿಯೊದಲ್ಲೇ ಆಡಿದ್ದರು.

ಇಂಥವರ ಫೋಟೋ ಸ್ಟೇಟಸ್‌ಗೆ ಹಾಕಿ ಸುಮ್ನೆ ಕೂರೋದಕ್ಕಿಂತ ಅವರು ಹೋದ ದಾರಿ ನೋಡೋಣ. ಒಂದು ವಿಷಯ ಮಾತ್ರ ಮರೆಯಬೇಡಿ. ಬೀಳುವ ಮೊದಲೇ ಅವರು ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಮಾಡಿದವರು, ಕಾಲಲ್ಲಿ ಆಗಲೇ ಕಸುವಿತ್ತು. ನೀವು ಸೊನ್ನೆಯಿಂದ ಶುರು ಮಾಡುತ್ತಿದ್ದರೆ ಒಂದೇ ವರ್ಷದಲ್ಲಿ ಪದಕ ಅಂತ ಲೆಕ್ಕ ಹಾಕಬೇಡಿ.

ಮೊದಲ ಕೆಲಸ ಸ್ಪರ್ಧೆಯಲ್ಲಿ ನೀವು ಯಾವ ವರ್ಗಕ್ಕೆ ಬರ್ತೀರಿ ಅಂತ ತಿಳಿದುಕೊಳ್ಳೋದು. ಸಾಮಾನ್ಯ ಸೈಕಲ್ ತುಳಿಯಬಲ್ಲವರಿಗೆ ಸಿ1ರಿಂದ ಸಿ5, ಬ್ಯಾಲೆನ್ಸ್ ಇಲ್ಲದವರಿಗೆ ಮೂರು ಗಾಲಿಯ ಟಿ1, ಟಿ2, ಕೈಯಿಂದ ಓಡಿಸುವ ಹ್ಯಾಂಡ್‌ಸೈಕಲ್‌ಗೆ ಎಚ್1ರಿಂದ ಎಚ್5. ದೃಷ್ಟಿ ಇಲ್ಲದವರು ಇಬ್ಬರು ತುಳಿಯುವ ಟ್ಯಾಂಡೆಮ್‌ನಲ್ಲಿ ಹಿಂದೆ ಕೂರುತ್ತಾರೆ, ಮುಂದೆ ಕಣ್ಣು ಕಾಣುವ ಪೈಲಟ್. ಅಂಕಿ ಕಡಿಮೆ ಇದ್ದಷ್ಟೂ ತೊಂದರೆ ಜಾಸ್ತಿ ಅಂತ ಅರ್ಥ. ಸುಗಿಯುರಾ ಸಿ3. ನಮ್ಮಲ್ಲಿ ಎಷ್ಟೋ ಜನ ಎಡವೋದು ಇಲ್ಲೇ: ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) 60 ಪರ್ಸೆಂಟ್ ಅಂತಿದೆ, ಹಾಗಾದ್ರೆ ನಾನು ಯಾವ ವರ್ಗ ಅಂತ ಕೇಳುತ್ತಾರೆ. ಆ ಪರ್ಸೆಂಟಿಗೂ ಈ ವರ್ಗಕ್ಕೂ ಸಂಬಂಧವೇ ಇಲ್ಲ. ಕಾಲಿನ ಬಲ, ಕೀಲು ಎಷ್ಟು ಮಡಚುತ್ತದೆ, ಸ್ನಾಯು ಎಷ್ಟು ಬಿಗಿದಿದೆ ಅಂತ ವರ್ಗ ತೀರ್ಮಾನಿಸುವ ಕ್ಲಾಸಿಫೈಯರ್‌ಗಳೇ ಮುಟ್ಟಿ ಪರೀಕ್ಷೆ ಮಾಡುತ್ತಾರೆ, ಆಮೇಲೆ ಸೈಕಲ್ ಮೇಲೂ ನೋಡುತ್ತಾರೆ. ಬರೀ ಕಿವಿ ಕೇಳದವರಿಗೆ ಪ್ಯಾರಾಲಿಂಪಿಕ್ ಸೈಕ್ಲಿಂಗ್‌ನಲ್ಲಿ ವರ್ಗವಿಲ್ಲ. ಹಳೇ ಡಿಸ್ಚಾರ್ಜ್ ಚೀಟಿ, ಎಂಆರ್‌ಐ, ಎಕ್ಸ್‌ರೇ ಎಲ್ಲ ಒಂದು ಫೈಲಿನಲ್ಲಿಡಿ, ಟ್ರಂಕಿನ ತಳದಲ್ಲಿದ್ದರೂ ಹುಡುಕಿ ತೆಗೆಯಿರಿ.

ತಲೆಗೆ ಪೆಟ್ಟಾಗಿದ್ದರೆ, ಫಿಟ್ಸ್ ಬಂದಿದ್ದರೆ ನರರೋಗ ವೈದ್ಯರು ಒಪ್ಪುವ ತನಕ ರಸ್ತೆಗೆ ಇಳಿಯಲೇಬೇಡಿ. ಮನೆಯಲ್ಲಿ ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್ ಟ್ರೇನರ್ ಮೇಲೆ ತುಳಿಯಬಹುದು, ಅದಕ್ಕೂ ಅವರನ್ನು ಕೇಳಿಯೇ.

ನನ್ನ ಪ್ರಕಾರ ಮೊದಲು ಟೈಮ್ ಟ್ರಯಲ್‌ಗೆ ತಯಾರಾಗಿ. ಒಬ್ಬೊಬ್ಬರನ್ನೇ ಬಿಡುತ್ತಾರೆ, ಗಡಿಯಾರದ ಜೊತೆ ಮಾತ್ರ ಪೈಪೋಟಿ, ಇನ್ನೊಬ್ಬರ ಗಾಲಿಗೆ ತಾಗಿ ಬೀಳುವ ಭಯ ಇಲ್ಲ. ಟೋಕಿಯೊದಲ್ಲಿ ಸುಗಿಯುರಾ ಅವರ ಟೈಮ್ ಟ್ರಯಲ್ 16 ಕಿಲೋಮೀಟರ್. ಸಿ1ರಿಂದ ಸಿ3 ಒಟ್ಟಿಗೆ ಓಡಿದಾಗ ವರ್ಗಕ್ಕೆ ತಕ್ಕಂತೆ ಸಮಯವನ್ನು ಲೆಕ್ಕ ಹಾಕಿ ಹೊಂದಿಸುತ್ತಾರೆ. ರೋಡ್ ರೇಸ್‌ನಲ್ಲಿ ಆ ರಿಯಾಯಿತಿ ಇಲ್ಲ, ಗೆರೆ ಮೊದಲು ದಾಟಿದವರೇ ಗೆದ್ದಂತೆ. ಅಲ್ಲಿ ಗುಂಪಿನಲ್ಲಿ ಗಾಳಿ ತಪ್ಪಿಸಿಕೊಳ್ಳೋದು, ಕೊನೆಗೆ ಯಾರ ಹಿಂದಿನಿಂದ ನುಗ್ಗಬೇಕು ಅನ್ನೋದು ಗೊತ್ತಿರಬೇಕು. ಅದು ವರ್ಷಗಟ್ಟಲೆ ಓಡಿಸಿದ ಮೇಲೆ ಬರುವ ವಿದ್ಯೆ, ವಯಸ್ಸಾದವರಿಗೆ ಅಲ್ಲೊಂದು ಲಾಭವೂ ಇದೆ ಅಲ್ವಾ?

ಸೈಕಲ್ ವಿಷಯ. ದುಬಾರಿ ಕಾರ್ಬನ್ ಫ್ರೇಮ್ ಆಮೇಲೆ. ಒಂದು ಕೈಯಲ್ಲಿ ಹಿಡಿತ ಇಲ್ಲದಿದ್ದರೆ ಎರಡೂ ಬ್ರೇಕ್ ಒಂದೇ ಲಿವರ್‌ಗೆ ಬರುವಂತೆ ಮಾಡಿಸಿ, ಗೇರ್ ಕೂಡ ಅದೇ ಕಡೆಗೆ. ಕೃತಕ ಕಾಲಿದ್ದರೆ ಪೆಡಲ್‌ನಿಂದ ಬೇಗ ಬಿಡಿಸಿಕೊಳ್ಳುವಂತಿರಲಿ. ಒಂದು ಕಾಲು ಗಿಡ್ಡ ಇದ್ದರೆ ಆ ಕಡೆಯ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಚಿಕ್ಕದು ಹಾಕಿಸಬಹುದು. ಯಾವ ಬದಲಾವಣೆ ಮಾಡಿಸಿದರೂ ಸ್ಪರ್ಧೆಗೆ ಮೊದಲೇ ಒಪ್ಪಿಗೆ ಪಡೆಯಬೇಕು, ಅಂಗಡಿಯವರು ನಡೀತದ್ರೀ ಅಂದದ್ದು ಅಲ್ಲಿ ನಡೆಯಲ್ಲ.

ಕಲಿಸುವವರಿಗೆ ನಮ್ಮ ಕಡೆ ಬರ ಇಲ್ಲ. ವಿಜಯಪುರ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್‌ಗಳು, ರಾಮದುರ್ಗ ತಾಲೂಕಿನ ಚಂದರಗಿ ಕ್ರೀಡಾ ಶಾಲೆ, ಇಲ್ಲಿಂದ ಹೊರಟ ಸೈಕ್ಲಿಸ್ಟ್‌ಗಳು ಓಣಿಗೊಬ್ಬರು ಸಿಗುತ್ತಾರೆ. ಹಾಸ್ಟೆಲ್‌ಗೆ ನಿಮ್ಮನ್ನು ಸೇರಿಸಿಕೊಳ್ಳಲ್ಲ, ಅದು ಮಕ್ಕಳಿಗೆ. ಆದರೆ ಹಳೇ ಸೈಕ್ಲಿಸ್ಟ್ ಒಬ್ಬರನ್ನು ಹಿಡಿದು, ಅಣ್ಣಾರ, ವಾರಕ್ಕೆರಡು ದಿನ ನನ್ನ ಹಿಂದೆ ಬರ್ರಿ ಅಂದ್ರೆ ಇಲ್ಲ ಅನ್ನೋದು ಕಡಿಮೆ. ಪ್ಯಾರಾ ಸೈಕ್ಲಿಂಗ್‌ನ ನಿಯಮ, ತರಬೇತಿ ಬೇಕಾದಾಗ ಹೈದರಾಬಾದಿನ ಆದಿತ್ಯ ಮೆಹ್ತಾ ಫೌಂಡೇಶನ್‌ಗೆ ಬರೆಯಿರಿ. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಸೈಕಲ್ ತುಳಿದ ಅರ್ಷದ್ ಶೇಕ್, ಜ್ಯೋತಿ ಗಡೇರಿಯಾ ಅಲ್ಲಿಯವರೇ.

ಇನ್ನು ರಸ್ತೆ. ಸೋಲಾಪುರ ಹೆದ್ದಾರಿ ನುಣುಪಾಗಿದೆ, ನಿಜ, ಆದರೆ ಲಾರಿಗಳ ಗಾಳಿಗೇ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದವರು ಅಲುಗಾಡುತ್ತಾರೆ. ಊರ ಹೊರಗಿನ ಸಣ್ಣ ರಸ್ತೆಯಲ್ಲಿ ಹೋಗಿಬಂದು ಮಾಡೋದು ವಾಸಿ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ನಸುಕಿನಲ್ಲಿ ಕಾಣಿಸೋದೇ ಇಲ್ಲ. ಪೂರ್ತಿ ಬೆಳಕಾದ ಮೇಲೆ ಹೊರಡಿ, ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ. ಏಪ್ರಿಲ್, ಮೇ ತಿಂಗಳಲ್ಲಿ ಎಂಟರೊಳಗೆ ಮನೆ ಸೇರಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಗಾಯದ ಕೆಳಗಿನ ಮೈ ಸರಿಯಾಗಿ ಬೆವರಲ್ಲ, ಕಾವು ಒಳಗೇ ಏರುತ್ತದೆ. ಅಂಥವರು ಕುಡಿಯುವ ನೀರಿನ ಜೊತೆ ಮೈಮೇಲೆ ಹಾಕಿಕೊಳ್ಳಲು ಇನ್ನೊಂದು ಬಾಟಲಿ ಇಟ್ಟುಕೊಳ್ಳಬೇಕು.

ವಯಸ್ಸಾದ ಮೇಲೆ ದಣಿವು ಇಳಿಯೋದು ನಿಧಾನ. ಜೋರಾಗಿ ತುಳಿಯೋದು ವಾರಕ್ಕೆ ಎರಡೇ ದಿನ ಸಾಕು, ಉಳಿದ ದಿನ ಮಾತಾಡುತ್ತ ತುಳಿಯುವಷ್ಟು ಹಗುರ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಇದ್ದರೆ ಡಬ್ಬಿ ಪೌಡರ್‌ಗೆ ದುಡ್ಡು ಸುರಿಯಬೇಕಿಲ್ಲ. ತಿಂಗಳಿಗೊಮ್ಮೆ ಅದೇ ರಸ್ತೆಯಲ್ಲಿ, ಅದೇ 5 ಕಿಲೋಮೀಟರ್ ದೂರಕ್ಕೆ ಪೂರ್ತಿ ಬಲ ಹಾಕಿ ಸಮಯ ಬರೆದಿಡಿ. ಪಕ್ಕದಲ್ಲೇ ಗಾಳಿ ಎದುರಿಗಿತ್ತಾ, ಹಿಂದಿತ್ತಾ ಅಂತಲೂ ಬರೆಯಿರಿ, ಇಲ್ಲದಿದ್ದರೆ ನಮ್ಮ ಬಯಲಿನಲ್ಲಿ ಆ ಅಂಕಿಗೆ ಅರ್ಥವೇ ಇರಲ್ಲ.