ಬೇಸಿಗೆ ಸಂಜೆ ಗೆಳೆಯರಿಗೆ ಡಬ್ಬಿ ಕಟ್ಟುವುದು ಹೇಗೆ

ಬೇಸಿಗೆಯಲ್ಲಿ ನಾನು ಗೆಳೆಯರನ್ನು ಮನೆಗೆ ಊಟಕ್ಕೆ ಕರೆಯುವುದು ಕಡಿಮೆ. ನಮ್ಮ ಮನೆ ಕೊನೆಯ ಮಹಡಿಯಲ್ಲಿದೆ. ಹಗಲೆಲ್ಲ ಕಾದ ತಾರಸಿ ಕತ್ತಲಾದ ಮೇಲೂ ಬಿಸಿ ಬಿಡುತ್ತಲೇ ಇರುತ್ತದೆ. ಸಿಟಿಯ ಕಾಂಕ್ರೀಟು, ಟಾರು ರಸ್ತೆ ಎಲ್ಲದರ ಗುಣವೂ ಅದೇ. ಹುಲ್ಲು, ಮರ ಇರುವ ಪಾರ್ಕು ಮಾತ್ರ ಸಂಜೆ ಹೊತ್ತಿಗೆ ಬೇಗ ತಣ್ಣಗಾಗುತ್ತದೆ. ಹಾಗಾಗಿ ಅಡುಗೆಯನ್ನು ಡಬ್ಬಿಗೆ ತುಂಬಿಕೊಂಡು ನಾವೇ ಅಲ್ಲಿಗೆ ಹೋಗುತ್ತೇವೆ. ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಟ್ಟು ಕಾಲು ಚಾಚಿ ಕೂರುತ್ತಾರೆ. ಇದಕ್ಕೆ ಹಬ್ಬ, ಹುಟ್ಟುಹಬ್ಬ ಏನೂ ಬೇಕಿಲ್ಲ. ವಾರದ ನಡುವಿನ ಯಾವುದೋ ಒಂದು ಸಂಜೆ ಸಾಕು.

ಏನು ಮಾಡಲಿ ಅಂತ ಯೋಚಿಸುವ ಮೊದಲು ಎರಡು ವಿಷಯ ಲೆಕ್ಕ ಹಾಕಿ. ಎಷ್ಟು ಗಂಟೆಗೆ ತಿನ್ನುತ್ತೀರಿ? ಅಲ್ಲಿಯವರೆಗೆ ಡಬ್ಬಿ ಎಲ್ಲಿರುತ್ತದೆ? ಆಫೀಸಿನಲ್ಲಿ ಫ್ರಿಜ್ ಇದ್ದರೆ ಒಂದು ರೀತಿಯ ಅಡುಗೆ, ದಿನವಿಡೀ ಬ್ಯಾಗಲ್ಲೇ ಇರುವುದಾದರೆ ಬೇರೆ. ಬಿಸಿಯಾಗಿದ್ದರೆ ಮಾತ್ರ ರುಚಿ ಅನ್ನುವ ತಿಂಡಿಯನ್ನು ನಾನು ಒಯ್ಯುವುದೇ ಇಲ್ಲ. ಕರಿದದ್ದು ಡಬ್ಬಿಯ ಹಬೆಗೆ ಮೆತ್ತಗಾಗುತ್ತದೆ. ತಣ್ಣಗಿದ್ದಾಗಲೇ ಚೆನ್ನಾಗಿರುವ ಪದಾರ್ಥ ಬೇಕಾದಷ್ಟಿದೆ. ಬೇಯಿಸಿದ ಕಾಳು, ಆಲೂಗಡ್ಡೆ, ಸೌತೆಕಾಯಿ, ಮೊಸರು, ಹಣ್ಣು. ಇಷ್ಟರಲ್ಲೇ ಇಡೀ ಬೇಸಿಗೆ ಕಳೆಯಬಹುದು.

ನಾನು ಜಾಸ್ತಿ ಮಾಡುವುದು ಕಡಲೆಕಾಳು, ಸೌತೆಕಾಯಿ ಸೇರಿಸಿದ ಸಲಾಡ್. ಆರು ಜನಕ್ಕೆ 300 ಗ್ರಾಂ ಒಣ ಕಾಳು ಬೇಕಾಗುತ್ತದೆ. ಹಿಂದಿನ ರಾತ್ರಿ ನೆನೆಹಾಕಿ. ಬೆಳಗ್ಗೆ ಬಿಸಿಲೇರುವ ಮೊದಲೇ ಬೇಯಿಸಿಬಿಡಿ, ಅಡುಗೆಮನೆಯೂ ತಂಪಾಗಿರುತ್ತದೆ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ಸಲೀಸಾಗಿ ಹಿಸುಕಬೇಕು, ಆದರೆ ಸಿಪ್ಪೆ ಬಿಟ್ಟುಹೋಗಬಾರದು. ನೀರು ಬಸಿದು, ಕಾಳು ಬಿಸಿ ಇರುವಾಗಲೇ ಉಪ್ಪು, ಸ್ವಲ್ಪ ಎಣ್ಣೆ, ಅರ್ಧ ನಿಂಬೆಹಣ್ಣಿನ ರಸ ಹಾಕಿ ಕಲಸಿ. ಬಿಸಿ ಕಾಳು ರುಚಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆರಿದ ಮೇಲೆ ಹಾಕಿದರೆ ರಸವೆಲ್ಲ ಡಬ್ಬಿಯ ತಳದಲ್ಲೇ ನಿಲ್ಲುತ್ತದೆ. ಆಮೇಲೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ. ರಾಶಿ ಮಾಡಿಟ್ಟರೆ ನಡುವಿನ ಕಾಳು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆರಿದ ಕೂಡಲೇ ಫ್ರಿಜ್‌ಗೆ.

ಸೌತೆಕಾಯಿ ಬೇರೆ ಡಬ್ಬಿಗೆ. ಉದ್ದಕ್ಕೆ ಸೀಳಿ, ನಡುವಿನ ಬೀಜದ ಭಾಗವನ್ನು ಚಮಚದಿಂದ ಕೆರೆದು ತೆಗೆಯಿರಿ. ನೀರು ಹೆಚ್ಚಾಗಿ ಇರುವುದು ಅಲ್ಲೇ. ಕಾಳಿನ ಗಾತ್ರಕ್ಕೆ ಹೆಚ್ಚಿ. ಉಪ್ಪು ಮಾತ್ರ ಹಾಕಬೇಡಿ. ಉಪ್ಪು ತಾಗಿದರೆ ಸೌತೆಕಾಯಿ ನೀರು ಬಿಡುತ್ತದೆ, ಸಂಜೆ ಹೊತ್ತಿಗೆ ಗರಿಗರಿ ಹೋಗಿ ಸಪ್ಪೆ ನೀರಲ್ಲಿ ತೇಲುತ್ತಿರುತ್ತದೆ. ಈರುಳ್ಳಿ ಹಾಕುವುದಾದರೆ ಸಣ್ಣಗೆ ಹೆಚ್ಚಿ, ತಣ್ಣೀರಲ್ಲಿ ಹತ್ತು ನಿಮಿಷ ಬಿಟ್ಟು ಬಸಿದುಬಿಡಿ. ಘಾಟು ತಗ್ಗುತ್ತದೆ. ಪುದೀನ ಎಲೆಯನ್ನು ತಿನ್ನುವಾಗಲೇ ಕೈಯಲ್ಲಿ ಹರಿದು ಹಾಕಿ. ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ. ಇನ್ನೊಂದು ನಿಂಬೆಹಣ್ಣನ್ನು ಇಡಿಯಾಗಿಯೇ ಒಯ್ಯಿರಿ, ಅಲ್ಲಿ ಎಲ್ಲ ಸೇರಿಸಿ ಕಲಸುವಾಗ ಹಿಂಡಲು.

ಇಲ್ಲೊಂದು ಮಾತು. ಉಪ್ಪು, ಹುಳಿ ನೋಡುವುದು ತಣ್ಣಗಾದ ಮೇಲೆ. ನಾಲಿಗೆಗೆ ತಂಪಿನಲ್ಲಿ ರುಚಿ ಮಂದವಾಗುತ್ತದೆ, ಸಿಹಿಯಂತೂ ಎದ್ದು ಕಾಣುವಷ್ಟು. ಕರಗಿದ ಐಸ್‌ಕ್ರೀಂ ಜಾಸ್ತಿ ಸಿಹಿ ಅನ್ನಿಸುತ್ತದೆ ಅಲ್ವಾ, ಕಾರಣ ಅದೇ. ನಿಂಬೆ ಶರಬತ್ತು ಮಾಡುವಾಗಲೂ ಐಸ್ ಹಾಕಿದ ಮೇಲೆಯೇ ಸಕ್ಕರೆ ಸರಿ ಇದೆಯಾ ನೋಡಿ.

ಈಗ ಕಾಳಜಿಯ ವಿಷಯ. ಇದರಲ್ಲಿ ನಾನು ರಾಜಿಯಾಗುವುದಿಲ್ಲ, ಯಾಕಂದರೆ ತಿನ್ನುವವರು ನನ್ನವರು. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೇಗ ಕೆಡುವ ಅಡುಗೆಯನ್ನು 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ 1 ಗಂಟೆ ಅಷ್ಟೇ. ಐಸಿನ ಜೊತೆ ಇಡದಿದ್ದರೆ ಫ್ರಿಜ್‌ನಿಂದ ತೆಗೆದ ಕ್ಷಣದಿಂದ ಲೆಕ್ಕ ಶುರು, ಬಸ್ಸಿನ ಸಮಯವೂ ಸೇರಿ. ಅನ್ನದ ಬಗ್ಗೆ ಇನ್ನೂ ಎಚ್ಚರ ಬೇಕು. ಅಕ್ಕಿಯಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತರೆ ಅವು ಚಿಗುರಿ ವಿಷ ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅನ್ನವನ್ನೂ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿಡಿ. ಸ್ವಲ್ಪ ನಿಂಬೆ ಹಿಂಡಿದ್ದೇನಲ್ಲ, ಕೆಡಲ್ಲ ಅಂತ ನಂಬಬೇಡಿ.

ತಂಪು ಉಳಿಸಲು ದುಬಾರಿ ಸಾಮಾನೇನೂ ಬೇಡ. ಕುಡಿಯುವ ನೀರಿನ ಬಾಟಲಿಗಳನ್ನು ಮುಕ್ಕಾಲು ಭಾಗ ತುಂಬಿಸಿ ರಾತ್ರಿಯೇ ಫ್ರೀಜರ್‌ನಲ್ಲಿಡಿ. ನೀರು ಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಪೂರ್ತಿ ತುಂಬಿಸಿಟ್ಟರೆ ಬಾಟಲಿ ಒಡೆಯಬಹುದು. ದಪ್ಪನೆಯ ಶಾಖನಿರೋಧಕ ಬ್ಯಾಗಿನ ತಳಕ್ಕೊಂದು, ಡಬ್ಬಿಗಳ ಮೇಲೊಂದು ಬಾಟಲಿ ಇಡಿ. ತಂಪು ಗಾಳಿ ಕೆಳಕ್ಕೆ ಇಳಿಯುವುದರಿಂದ ಮೇಲಿನದು ಬಹಳ ಮುಖ್ಯ. ಖಾಲಿ ಜಾಗಕ್ಕೆ ಟವೆಲ್ ತುರುಕಿ. ಕುಡಿಯುವುದನ್ನು ಬೇರೆ ಬ್ಯಾಗಿನಲ್ಲಿ ಒಯ್ಯಿರಿ. ಅದನ್ನು ಪದೇ ಪದೇ ತೆಗೆಯುತ್ತಾರೆ, ಊಟದ ಬ್ಯಾಗಿನ ತಂಪು ಹಾಳಾಗುತ್ತದೆ. ಕರಗಿದ ಐಸು ಹೇಗೂ ಕುಡಿಯುವ ನೀರಾಗುತ್ತದೆ.

ಕಲ್ಲಂಗಡಿ ತಂದವರಿದ್ದರೆ ಹೆಚ್ಚುವ ಮೊದಲು ಸಿಪ್ಪೆಯನ್ನು ಉಜ್ಜಿ ತೊಳೆಯಲು ಹೇಳಿ. ಇಲ್ಲದಿದ್ದರೆ ಸಿಪ್ಪೆಯ ಕೊಳೆಯನ್ನು ಚಾಕು ಒಳಕ್ಕೆ ಒಯ್ಯುತ್ತದೆ. ಹೆಚ್ಚಿದ ಹಣ್ಣಿಗೂ ಅಡುಗೆಯ ಗಂಟೆ ಲೆಕ್ಕವೇ ಅನ್ವಯ.

ಒಬ್ಬರೇ ಎಲ್ಲ ಮಾಡಲು ಹೋಗಬೇಡಿ. ದಣಿದುಹೋದರೆ ಬಡಿಸುವ ಖುಷಿಯೂ ಇರುವುದಿಲ್ಲ. ಮೂರು ಪದಾರ್ಥ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹೊಟ್ಟೆ ತುಂಬುವುದೊಂದು, ಗರಿಗರಿ ಅನ್ನಿಸುವುದೊಂದು, ಹಣ್ಣೊಂದು. ಮನೆಗೆ ಹೋಗದೆ ಆಫೀಸಿನಿಂದ ನೇರ ಬರುವವರಿಗೆ ಹಣ್ಣಿನ ಜವಾಬ್ದಾರಿ ಕೊಡಿ. ‘ನಂಗೆ ಅಡುಗೆ ಬರಲ್ಲಪ್ಪ’ ಅನ್ನುವ ಗೆಳೆಯನಿಗೆ ಕಲಸುವ ಕೆಲಸ ಕೊಡಿ. ನಮ್ಮ ಗುಂಪಿನಲ್ಲಿ ನಿಂಬೆ ಹಿಂಡುವುದು ಯಾವಾಗಲೂ ಅಂಥ ಒಬ್ಬನೇ. ಹಿಂಡುತ್ತಾನೆ, ಒಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತಾನೆ, ಕಣ್ಣು ಮುಚ್ಚಿ ಯೋಚಿಸುತ್ತಾನೆ, ಇನ್ನೆರಡು ಹನಿ ಹಿಂಡುತ್ತಾನೆ. ಆ ಡಬ್ಬಿ ಈಗ ಅವನದೂ ಆಯಿತು. ‘ಇದಕ್ಕೆ ಏನು ಹಾಕಿದೀಯ?’ ಅಂತ ಯಾರಾದರೂ ಕೇಳಿದರೆ ಅವನೇ ಉತ್ತರ ಕೊಡುತ್ತಾನೆ. ನನಗೆ ಇಡೀ ಸಂಜೆಯಲ್ಲಿ ತುಂಬಾ ಇಷ್ಟವಾಗುವುದು ಇದೇ.

ಯಾರಿಗೆ ಏನು ಆಗುವುದಿಲ್ಲ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಕಡಲೆಕಾಯಿ, ಎಳ್ಳು, ಹಾಲು, ಮೊಟ್ಟೆ, ಗೋಧಿ ಇವುಗಳಿಗೆ ಅಲರ್ಜಿ ಇರುವವರು ಸಾಕಷ್ಟಿದ್ದಾರೆ. ಎಲ್ಲರ ಮುಂದೆ ಕೇಳಿದರೆ ಕೆಲವರು ಸಂಕೋಚಕ್ಕೆ ಹೇಳುವುದಿಲ್ಲ. ಒಬ್ಬೊಬ್ಬರಿಗೇ ಮೆಸೇಜ್ ಮಾಡುವುದು ವಾಸಿ. ಡಬ್ಬಿ ಡಬ್ಬಿಗೆ ಬೇರೆ ಚಮಚ ಇರಲಿ.

ಚಾಕುವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಡಿ. ಕೈ ತೊಳೆಯಲು ಒಂದು ಬಾಟಲಿ ನೀರು, ಒಂದು ಸೋಪಿನ ತುಂಡು, ಕೂರಲು ಹಳೆಯ ಬೆಡ್‌ಶೀಟ್, ಕಸಕ್ಕೊಂದು ಚೀಲ ಮರೆಯಬೇಡಿ. ನಿಲ್ಲಿಸಿದ ಕಾರಿನೊಳಗೆ ಬ್ಯಾಗ್ ಬಿಡಬೇಡಿ, ಒಳಗಿನ ಬಿಸಿ ಹೊರಗಿನದಕ್ಕಿಂತ ಎಷ್ಟೋ ಜಾಸ್ತಿ. ನೆರಳು ಸರಿದಂತೆ ಬ್ಯಾಗನ್ನೂ ಸರಿಸುತ್ತಿರಿ.

ಏಳುವಾಗ ಉಳಿದದ್ದನ್ನು ನೋಡಿ. ಐಸಿನ ಜೊತೆಯಲ್ಲೇ ಇದ್ದು ಮುಟ್ಟಿದರೆ ಇನ್ನೂ ಕೊರೆಯುವಂತಿದ್ದರೆ, ಮನೆ ಹತ್ತಿರ ಇರುವವರಿಗೆ ಕೊಟ್ಟು ಹೋದ ತಕ್ಷಣ ಫ್ರಿಜ್‌ನಲ್ಲಿಡಲು ಹೇಳಿ. ಹೊರಗೇ ತೆರೆದಿದ್ದು ಹೊತ್ತು ಮೀರಿದ್ದನ್ನು ಎಷ್ಟೇ ಬೇಜಾರಾದರೂ ಎಸೆಯಬೇಕು. ಅದಕ್ಕೇ ಅಳತೆ ಸ್ವಲ್ಪ ಕಡಿಮೆಯೇ ಇರಲಿ. ಡಬ್ಬಿಗಳನ್ನು ಅದೇ ರಾತ್ರಿ ತೊಳೆಯಿರಿ. ಮುಚ್ಚಳದ ರಬ್ಬರನ್ನು ಬಿಡಿಸಿ ತೊಳೆಯದಿದ್ದರೆ ಈರುಳ್ಳಿ ವಾಸನೆ ಹಾಗೇ ಉಳಿಯುತ್ತದೆ, ಮುಂದಿನ ಸಲ ಹಣ್ಣಿಗೂ ಹತ್ತುತ್ತದೆ. ಮುಚ್ಚಳ ಹಾಕದೆ ಒಣಗಲು ಬಿಡಿ.