ಬೇರುಗಂಟಿಗೆ ಬ್ಯಾಕ್ಟೀರಿಯಾ: ಮೊದಲ ಸಲ ಸೋತೆ, ಎರಡನೇ ಸಲ ಗೊತ್ತಾಯಿತು

ಮಧ್ಯಾಹ್ನ ಬಾಡೋದು, ಸಂಜೆ ಚೇತರಿಸಿಕೊಳ್ಳೋದು. ಟೊಮೆಟೊ ಗಿಡಗಳು ಹೀಗೆ ಆಟ ಆಡಿಸುತ್ತಿದ್ದಾಗ ನೀರು ಸಾಲದು ಅಂದುಕೊಂಡು ಇನ್ನಷ್ಟು ಬಿಟ್ಟೆ. ಎರಡು ವಾರ ಸುಮ್ನೆ ಹೋಯಿತು. ಕೊನೆಗೆ ಒಂದು ಗಿಡ ಕಿತ್ತು ಬೇರು ತೊಳೆದರೆ, ಮಣಿ ಪೋಣಿಸಿದ ಹಾಗೆ ಗಂಟು. ಒಂದನ್ನು ಬ್ಲೇಡಿನಿಂದ ಸೀಳಿ ಲೆನ್ಸ್ ಹಿಡಿದೆ. ಒಳಗೆ ಮುತ್ತಿನಂಥ ಬಿಳಿ ಚುಕ್ಕಿ. ಅದೇ ಬೇರಿಗೆ ಗಂಟು ಕಟ್ಟಿಸುವ ಹೆಣ್ಣು ಜಂತುಹುಳು (ನೆಮಟೋಡ್). (ದ್ವಿದಳ ಬೆಳೆಯಲ್ಲಿ ರೈಜೋಬಿಯಂ ಅನ್ನೋ ಉಪಕಾರಿ ಬ್ಯಾಕ್ಟೀರಿಯಾ ಕಟ್ಟುವ ಗಂಟು ನೋಡಿ ಗಾಬರಿ ಬೀಳಬೇಡಿ. ಅದು ಉಗುರಲ್ಲಿ ತಳ್ಳಿದರೆ ಉದುರುತ್ತದೆ. ಇಲ್ಲಿ ಬೇರು ತಾನೇ ಊದಿಕೊಂಡಿರುತ್ತದೆ.)

ಕೂಡಲೇ ಸೂಡೊಮೊನಾಸ್ ಅನ್ನೋ ಉಪಕಾರಿ ಬ್ಯಾಕ್ಟೀರಿಯಾದ ಪುಡಿ ತಂದು ನೀರಲ್ಲಿ ಕಲಸಿ ಬುಡಕ್ಕೆ ಸುರಿದೆ. ಏನೂ ಆಗಲಿಲ್ಲ. ಪುಡಿಯನ್ನೇ ಬೈದೆ, ಆದರೆ ತಪ್ಪು ನನ್ನದು. ಹುಳು ಆಗಲೇ ಬೇರೊಳಗೆ ಬೀಡುಬಿಟ್ಟಿತ್ತು. ಸಾಲದ್ದಕ್ಕೆ ಮೂರು ದಿನ ಮುಂಚೆ ತಾಮ್ರದ ಶಿಲೀಂಧ್ರನಾಶಕವನ್ನು ಅದೇ ಬುಡಕ್ಕೆ ಹಾಕಿದ್ದೆ. ತಾಮ್ರ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ ಅಲ್ವಾ!

ಮಣ್ಣಿನಲ್ಲಿ ಮೊಟ್ಟೆಯೊಡೆದ ಮರಿಹುಳು ಬೇರು ಒಸರುವ ರಸದ ಜಾಡು ಹಿಡಿದು ಬರುತ್ತದೆ. ಅದಕ್ಕಿಂತ ಮೊದಲೇ ಬ್ಯಾಕ್ಟೀರಿಯಾ ಬೇರಿನ ಮೇಲೆ ಸೀಟು ಹಿಡಿದಿರಬೇಕು. ಆ ರಸವನ್ನು ತಿಂದುಕೊಂಡು, ಹುಳುವಿಗೆ ಆಗದ ವಸ್ತುಗಳನ್ನು ಬಿಡುತ್ತಾ, ಗಿಡದ ತಡೆಶಕ್ತಿಯನ್ನೂ ಎಬ್ಬಿಸುತ್ತದೆ.

ಹಾಗಾಗಿ ಮುಂದಿನ ಬೆಳೆಗೆ ಸಸಿ ಟ್ರೇಗೆ ತುಂಬುವ ಮಿಶ್ರಣಕ್ಕೇ ಪುಡಿ ಬೆರೆಸಿದೆ. ಹೊಲಕ್ಕೆ, ಚೆನ್ನಾಗಿ ಕಳಿತ ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ 2 ಕೆಜಿ ಸೂಡೊಮೊನಾಸ್, ಜೊತೆಗೆ ಬೇವಿನ ಹಿಂಡಿ. ನೆರಳಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಮುಚ್ಚಿ 15 ದಿನ ಬಿಟ್ಟೆ, ಆಗಾಗ ತಿರುವಿ ಹಾಕಿದೆ. ತೇವದ ಅಳತೆ ಕೈಯಲ್ಲೇ ಇದೆ: ಹಿಡಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು. ಹಸಿ ಗೊಬ್ಬರವಂತೂ ಬೇಡವೇ ಬೇಡ, ಅದರ ಕಾವಿಗೇ ಬ್ಯಾಕ್ಟೀರಿಯಾ ಸಾಯುತ್ತದೆ. ಸಂಜೆ ಹೊತ್ತು ಸಾಲಿಗೆ ಹಾಕಿ ತಕ್ಷಣ ಮಣ್ಣು ಮುಚ್ಚಿದೆ.

ಬೆಚ್ಚಗಿನ ಮಣ್ಣಲ್ಲಿ ಹುಳುವಿನ ಒಂದು ತಲೆಮಾರು ಸುಮಾರು ಒಂದು ತಿಂಗಳಿಗೆ ಮುಗಿಯುತ್ತದೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಬ್ಯಾಕ್ಟೀರಿಯಾವನ್ನು ಮತ್ತೆ ಕೊಟ್ಟೆ. ಕ್ಲೋರಿನ್ ಹಾಕಿದ ನೀರು ಬಳಸಲಿಲ್ಲ. ಈಗ ಬ್ಯಾಸಿಲಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾದ ಕಡೆಗೆ ಒಲವು ಜಾಸ್ತಿ. ಅದು ಗಟ್ಟಿ ಕವಚದ ಬೀಜಾಣು ಕಟ್ಟುವುದರಿಂದ ಡಬ್ಬಿಯಲ್ಲಿ ಹೆಚ್ಚು ದಿನ ಬದುಕುತ್ತದೆ, ಸೂಡೊಮೊನಾಸ್ ಬೇಗ ಹಳಸುತ್ತದೆ.

ಬೇಕೆಂದೇ ಎರಡು ಸಾಲು ಹಾಗೇ ಬಿಟ್ಟಿದ್ದೆ. ಕೊನೇ ಕೊಯ್ಲಿನ ದಿನ ಎರಡೂ ಕಡೆಯ ಗಿಡ ಕಿತ್ತು ಪಕ್ಕಪಕ್ಕ ಇಟ್ಟೆ. ಬಿಟ್ಟ ಸಾಲಿನ ಬೇರು ಶುಂಠಿ ಗಡ್ಡೆಯಂತೆ ದಪ್ಪ. ಉಪಚರಿಸಿದ ಗಿಡದಲ್ಲೂ ಗಂಟು ಇತ್ತು, ಆದರೆ ತುದಿಬೇರುಗಳಲ್ಲಿ ಅಲ್ಲೊಂದು ಇಲ್ಲೊಂದು, ಬಿಳಿ ಎಳೆಬೇರು ದಂಡಿಯಾಗಿತ್ತು. ಮೊದಲಾಗಿದ್ದರೆ ಎಲ್ಲವನ್ನೂ ಅಲ್ಲೇ ಉಳುತ್ತಿದ್ದೆ. ಈ ಸಲ ಗಂಟು ಬೇರನ್ನೆಲ್ಲ ಆರಿಸಿ, ಒಣಗಿಸಿ, ಹೊಲದ ಆಚೆ ಸುಟ್ಟೆ.