ಹಳೇ ಲೆನ್ಸ್‌ಗಳನ್ನು ಹೋಲಿಸುವುದು ಹೇಗೆ? ಮೊದಲು ಒಂದು ಕನ್ನಡಿ ತನ್ನಿ

ಹಳೇ ಫಿಲ್ಮ್ ಕ್ಯಾಮೆರಾದ ಎರಡು ಲೆನ್ಸ್ ಕೈಗೆ ಸಿಕ್ಕಿದರೆ ಸಾಕು, ಎಲ್ಲರೂ ಮಾಡುವ ಕೆಲಸ ಒಂದೇ. ಕೈಯಲ್ಲೇ ಕ್ಯಾಮೆರಾ ಹಿಡಿದು ಪುಸ್ತಕದ ಕಪಾಟಿನ ಎರಡು ಫೋಟೊ ತೆಗೆಯುತ್ತಾರೆ. ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ನೋಡಿ, ‘ಇದು ಶಾರ್ಪು, ಅದು ಡಬ್ಬಾ’ ಎಂದು ತೀರ್ಪು ಕೊಡುತ್ತಾರೆ. ನಾನು ಕಂಡ ಇಂಥ ತೀರ್ಪುಗಳಲ್ಲಿ ಹೆಚ್ಚಿನವುಗಳ ಹಿಂದೆ ಇದ್ದದ್ದು ಕೂದಲೆಳೆಯಷ್ಟು ತಪ್ಪಿದ ಫೋಕಸ್. ಹೀಗೇ ತಪ್ಪು ತಿಳಿದು ನಾನೂ ಒಂದು ಒಳ್ಳೇ ಲೆನ್ಸನ್ನು ಎರಡು ವರ್ಷ ಡಬ್ಬಿಯಲ್ಲಿ ಕೂರಿಸಿದ್ದೆ.

ಹಂತ 1: ಲೆನ್ಸಿನ ಆರೋಗ್ಯ

ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಬಿಡಿ. ಉಸಿರು ಬಿಟ್ಟ ಗಾಜಿನಂಥ ಮಸುಕು, ಇಲ್ಲವೇ ಜೇಡರ ಬಲೆಯಂಥ ಫಂಗಸ್ ಕಂಡರೆ ಆ ಲೆನ್ಸನ್ನು ಹೋಲಿಕೆಗೆ ತರಬೇಡಿ. ಕಾಯಿಲೆ ಬಿದ್ದವನನ್ನು ಓಟದ ಪಂದ್ಯಕ್ಕೆ ನಿಲ್ಲಿಸಿದ ಹಾಗಾಗುತ್ತದೆ. ಮುಂದೆ ಹಳೇ ಯುವಿ ಫಿಲ್ಟರ್ ಇದ್ದರೆ ಬಿಚ್ಚಿ ಪಕ್ಕಕ್ಕಿಡಿ. ಅಗ್ಗದ ಫಿಲ್ಟರ್‌ನಷ್ಟು ಅನ್ಯಾಯ ಲೆನ್ಸಿಗೆ ಬೇರೆ ಯಾವುದೂ ಮಾಡುವುದಿಲ್ಲ.

ಪೆಂಟಾಕ್ಸ್ ಕಂಪನಿಯ ಹಳೇ ಟಕುಮಾರ್ 50 ಎಂಎಂ ಎಫ್/1.4ರ ಕೆಲವು ಲೆನ್ಸ್‌ಗಳು ಟೀ ಬಣ್ಣಕ್ಕೆ ತಿರುಗಿರುತ್ತವೆ. ಅದರ ಗಾಜಿನಲ್ಲಿ ಥೋರಿಯಂ ಇದೆ, ವಯಸ್ಸಾದಂತೆ ಹಳದಿಯಾಗುತ್ತದೆ. ಯುವಿ ಬೆಳಕಿಗೆ ಒಡ್ಡಿದರೆ ಬಣ್ಣ ಇಳಿಯುತ್ತದೆ. ಈ ಹಳದಿಯನ್ನು ನೋಡಿ ಲೆನ್ಸ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಹಂತ 2: ಅಡಾಪ್ಟರ್

ಹಳೇ ಲೆನ್ಸನ್ನು ಇಂದಿನ ಡಿಜಿಟಲ್ ಕ್ಯಾಮೆರಾಗೆ ಕೂರಿಸುವ ಉಂಗುರವೇ ಅಡಾಪ್ಟರ್. ಒಳಗೆ ಏನೂ ಇಲ್ಲದ ಟೊಳ್ಳು ಅಡಾಪ್ಟರ್ ಮಾತ್ರ ಬಳಸಿ. ಒಳಗೆ ಕನ್ನಡಿಯಿರುವ ನಿಕಾನ್ ಎಸ್‌ಎಲ್‌ಆರ್ ಕ್ಯಾಮೆರಾಗೆ ಎಂ42 (ತಿರುಪಿನಂತೆ ತಿರುಗಿಸಿ ಕೂರಿಸುವ ಹಳೇ ಬಗೆಯ) ಲೆನ್ಸ್ ಹಾಕುವವರು ಇಲ್ಲಿ ಎಡವುತ್ತಾರೆ. ಎಂ42 ಲೆನ್ಸಿಗೂ ಫಿಲ್ಮಿಗೂ ನಡುವೆ 45.46 ಎಂಎಂ ಅಂತರ ಬೇಕು, ನಿಕಾನ್‌ನಲ್ಲಿ ಅದು 46.5. ದೂರದ ವಸ್ತುವಿಗೆ ಫೋಕಸ್ ಸಿಗಲಿ ಎಂದು ಅಡಾಪ್ಟರ್‌ನಲ್ಲಿ ಒಂದು ಗಾಜು ಕೂರಿಸಿರುತ್ತಾರೆ. ಆಮೇಲೆ ನೀವು ಪರೀಕ್ಷೆ ಮಾಡುವುದೆಲ್ಲ ಆ ಗಾಜನ್ನೇ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಆದರೆ ಈ ತಲೆನೋವಿಲ್ಲ.

ಇನ್ನೊಂದು ಮಾತು. ಎಂ42 ಲೆನ್ಸಿನಲ್ಲಿ ಎ/ಎಂ ಗುಂಡಿ ಇದ್ದರೆ ಅದನ್ನು ಎಂ ಕಡೆ ತಳ್ಳಿ. ಎ ಕಡೆ ಇದ್ದರೆ, ಹಿಂದಿನ ಪಿನ್ನನ್ನು ಅಡಾಪ್ಟರ್ ಒತ್ತದ ಹೊರತು, ಉಂಗುರವನ್ನು ಎಫ್/8ಕ್ಕೆ (ಈ ಅಂಕಿ ದೊಡ್ಡದಾದಷ್ಟೂ ಬೆಳಕಿನ ಕಿಂಡಿ ಕಿರಿದು) ತಿರುಗಿಸಿದರೂ ಒಳಗಿನ ಎಸಳುಗಳು ಪೂರ್ತಿ ತೆರೆದೇ ಇರುತ್ತವೆ.

ಹಂತ 3: ಕ್ಯಾಮೆರಾ

ಟ್ರೈಪಾಡ್, 2 ಸೆಕೆಂಡ್ ಟೈಮರ್, ಕಡಿಮೆ ಐಎಸ್‌ಒ, ರಾ ಫೈಲ್, ಒಂದೇ ವೈಟ್ ಬ್ಯಾಲೆನ್ಸ್. ಕೈ ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಬಂದ್.

ಹಂತ 4: ಗೋಡೆ ಮತ್ತು ಕನ್ನಡಿ

ಗೋಡೆಯ ಮೇಲೆ ಪತ್ರಿಕೆಯ ಹಾಳೆ ಅಂಟಿಸಿ: ಚಿತ್ರದ ನಡುವಿಗೊಂದು, ನಾಲ್ಕು ಮೂಲೆಗೆ ಒಂದೊಂದು. 50 ಎಂಎಂ ಲೆನ್ಸ್ ಆದರೆ ಕನಿಷ್ಠ ಎರಡೂವರೆ ಮೀಟರ್ ದೂರ ನಿಲ್ಲಿ. ತೀರಾ ಹತ್ತಿರ ಹೋದರೆ ಮಾಮೂಲಿ ಲೆನ್ಸ್‌ಗಳು ತಮ್ಮ ಪೂರ್ತಿ ಬಲ ತೋರಿಸುವುದಿಲ್ಲ.

ಈಗ ಕ್ಯಾಮೆರಾ ಗೋಡೆಗೆ ನೇರವಾಗಿದೆಯೇ? ಕಣ್ಣಂದಾಜು ನಂಬಬೇಡಿ. ಚಿತ್ರದ ನಡುವೆ ಬರುವಂತೆ ಗೋಡೆಗೆ ಚಪ್ಪಟೆಯಾಗಿ ಒಂದು ಸಣ್ಣ ಕನ್ನಡಿ ಒತ್ತಿ ಹಿಡಿಸಿ. ಸ್ಕ್ರೀನ್‌ನಲ್ಲಿ ನಿಮ್ಮ ಲೆನ್ಸಿನದೇ ಪ್ರತಿಬಿಂಬ ಕಾಣುತ್ತದೆ. ಅದು ಸರಿಯಾಗಿ ನಟ್ಟನಡುವೆ ಕೂರುವವರೆಗೂ ಟ್ರೈಪಾಡ್ ಸರಿಸಿ, ತಿರುಗಿಸಿ. ಬೇಜಾರಿನ ಕೆಲಸ, ಹೌದು. ಕ್ಯಾಮೆರಾ ಒಂಚೂರು ಓರೆಯಾದರೂ ಒಂದು ಪಕ್ಕದ ಮೂಲೆಗಳು ಮಸುಕಾಗುತ್ತವೆ, ಬೈಗುಳ ಲೆನ್ಸಿಗೆ ಬೀಳುತ್ತದೆ. 50 ಎಂಎಂ ತೆಗೆದು 58 ಎಂಎಂ ಹಾಕಿದಾಗ ಚಿತ್ರದ ಅಳತೆ ಒಂದೇ ಇರಲೆಂದು ಹಿಂದೆ ಸರಿಯಬೇಕು. ಸರಿದ ಮೇಲೆ ಮತ್ತೆ ಕನ್ನಡಿ.

ಹಂತ 5: ಫೋಕಸ್

ಜನ ಕೆಡಿಸುವುದು ಇಲ್ಲೇ. ಬಣ್ಣದ ಗೆರೆ ತೋರಿಸುವ ಪೀಕಿಂಗ್ ಬಂದ್ ಮಾಡಿ. ಅದು ಗಡಿಬಿಡಿಯ ಕೆಲಸಕ್ಕೆ ಸರಿ, ಇಲ್ಲಿಗಲ್ಲ. ಸ್ಕ್ರೀನನ್ನು ಎಷ್ಟು ಹಿಗ್ಗಿಸಲು ಬರುತ್ತದೋ ಅಷ್ಟು ಹಿಗ್ಗಿಸಿ, ನಡುವಿನ ಹಾಳೆಯ ಒಂದು ಸಣ್ಣ ಅಕ್ಷರ ಹಿಡಿಯಿರಿ. ನಾನು ಒತ್ತಕ್ಷರದ ಕೊಂಡಿಯನ್ನೇ ಹಿಡಿಯುವುದು, ಅದು ಮೊದಲು ಕಲಸಿಹೋಗುತ್ತದೆ. ಉಂಗುರವನ್ನು ಯಾವಾಗಲೂ ಒಂದೇ ದಿಕ್ಕಿನಿಂದ ತನ್ನಿ. ಹಳೇ ಲೆನ್ಸಿನ ತಿರುಪು ಸಡಿಲಾಗಿರುತ್ತದೆ, ಹಿಂದೆ ಮುಂದೆ ಆಡಿಸಿದರೆ ಕೈಬಿಟ್ಟ ಕೂಡಲೇ ಸರಿಯುತ್ತದೆ.

ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಎಫ್/2.8ಕ್ಕೆ ಇಳಿಸುವುದೂ ತಪ್ಪು. ಎಫ್/1.4ರ ಹಳೇ ಲೆನ್ಸ್‌ಗಳಲ್ಲಿ ಅಪರ್ಚರ್ (ಬೆಳಕಿನ ಕಿಂಡಿ) ಕಿರಿದಾದಂತೆ ಫೋಕಸ್ ಜಾಗವೇ ಕೊಂಚ ಜರುಗುತ್ತದೆ. ಪ್ರತಿ ಅಪರ್ಚರ್‌ಗೂ ಹೊಸದಾಗಿ ಫೋಕಸ್ ಮಾಡಿ. ಪ್ರತಿ ಸಲ ಉಂಗುರ ಕೆಡಿಸಿ, ಮತ್ತೆ ಕೂರಿಸಿ, ಮೂರು ಫೋಟೊ ತೆಗೆಯಿರಿ. ಮೂರರಲ್ಲಿ ಚೆನ್ನಾಗಿ ಬಂದದ್ದೇ ಆ ಲೆನ್ಸಿನ ನಿಜವಾದ ಅಂಕ.

ಮೂಲೆ ಮಸುಕಾಗಿದೆಯಾ? ಆ ಮೂಲೆಯ ಅಕ್ಷರಕ್ಕೇ ಫೋಕಸ್ ಮಾಡಿ ಇನ್ನೊಂದು ಫೋಟೊ ತೆಗೆಯಿರಿ. ಆಗ ಸ್ಪಷ್ಟವಾದರೆ ಲೆನ್ಸಿನ ಫೋಕಸ್ ಬಟ್ಟಲಿನಂತೆ ಬಾಗಿದೆ ಅಷ್ಟೇ. ಗೋಡೆಯ ಫೋಟೊಗೆ ತೊಂದರೆ, ಮನುಷ್ಯರ ಫೋಟೊಗೆ ಗೊತ್ತೇ ಆಗುವುದಿಲ್ಲ. ಮೂರು ಮೂಲೆ ಸರಿ ಬಂದು ಒಂದೇ ಒಂದು ಹಟ ಹಿಡಿದರೆ, ಒಳಗಿನ ಗಾಜು ಜಾಗ ತಪ್ಪಿರಬಹುದು. ಹಾಗೆಂದು ಘೋಷಿಸುವ ಮೊದಲು ಅದೇ ಅಡಾಪ್ಟರ್‌ಗೆ ಬೇರೆ ಲೆನ್ಸ್ ಹಾಕಿ ನೋಡಿ. ನನ್ನ ಡಬ್ಬಿಯ ಲೆನ್ಸ್ ಇದೇ ಪರೀಕ್ಷೆಯಲ್ಲಿ ಪಾರಾಯಿತು. ಓರೆಯಾಗಿದ್ದದ್ದು ಅಡಾಪ್ಟರ್.

ಹಂತ 6: ಅಪರ್ಚರ್

ಎಫ್/2ಕ್ಕೆ ಎಫ್/2, ಎಫ್/4ಕ್ಕೆ ಎಫ್/4. ಸೋವಿಯತ್ ಕಾಲದ 58 ಎಂಎಂ ಲೆನ್ಸ್ ಹೀಲಿಯೋಸ್ 44ರ ಪೂರ್ತಿ ತೆರೆದ ಎಫ್/2 ಚಿತ್ರವನ್ನು ಬೇರೆಯದರ ಎಫ್/1.4 ಜೊತೆ ನಿಲ್ಲಿಸಿ ಹೋಲಿಸುವುದು ನ್ಯಾಯವಲ್ಲ. ಎಫ್/8ಕ್ಕೆ ನಿಲ್ಲಿಸಿಬಿಡಿ, ಎಫ್/16ರಲ್ಲಿ ಬೆಳಕೇ ಹರಡಿಕೊಂಡು ಎಲ್ಲ ಲೆನ್ಸ್‌ಗಳನ್ನೂ ಸಮ ಮಾಡುತ್ತದೆ. ಅಪರ್ಚರ್ ಅಂಕಿ ಒಂದೇ ಇದ್ದರೂ ಬೆಳಕು ಹೆಚ್ಚುಕಮ್ಮಿ ಆಗಬಹುದು, ಷಟರ್ ವೇಗದಲ್ಲಿ ಸರಿದೂಗಿಸಿ. ಕಪ್ಪಗಿನ ಚಿತ್ರ ಸುಮ್ನೆ ಗಾಢವಾಗಿ ಕಂಡು ಮೋಸ ಮಾಡುತ್ತದೆ.

ಹಂತ 7: ಗೋಡೆ ಬಿಟ್ಟು ಹೊರಗೆ

ಸೂರ್ಯನನ್ನು ಚಿತ್ರದ ಅಂಚಿಗೆ ತಂದು ಒಂದು ಫೋಟೊ ತೆಗೆಯಿರಿ. ಗಾಜಿನ ಮೇಲೆ ಪ್ರತಿಫಲನ ತಡೆಯಲು ಬಳಿದ ಕೋಟಿಂಗ್‌ನ ಬಂಡವಾಳ ಇಲ್ಲಿ ಬಯಲಾಗುತ್ತದೆ. ಪೆಂಟಾಕ್ಸ್ 1971ರಲ್ಲಿ ಹಲವು ಪದರದ ಕೋಟಿಂಗ್ ಇರುವ ಸೂಪರ್ ಮಲ್ಟಿ ಕೋಟೆಡ್ ಟಕುಮಾರ್‌ಗಳನ್ನು ತಂದಿತು. ಒಂದೇ ಪದರದ ಕೋಟಿಂಗ್ ಇರುವ ಲೆನ್ಸ್ ಬೆಳ್ಳಗೆ ತೊಳೆದುಹೋದ ಕಡೆ ಅಂಥವು ಕಪ್ಪನ್ನು ಕಪ್ಪಾಗಿ ಉಳಿಸುತ್ತವೆ. ಕಣ್ಣು ಕುಕ್ಕುವ ಬೆಳಕಾದ್ದರಿಂದ ಸ್ಕ್ರೀನ್ ನೋಡಿ ತೆಗೆಯಿರಿ, ಎಸ್‌ಎಲ್‌ಆರ್ ಕಿಂಡಿಯಲ್ಲಿ ಕಣ್ಣಿಡಬೇಡಿ.

ಇನ್ನೊಂದು ಫೋಟೊ ಎಲೆಗಳ ಮುಂದೆ ನಿಂತವರದ್ದು. ಗೋಡೆಯಲ್ಲಿ ಮೂಲೆ ಮೂಲೆಗೂ ಸೋತ ಹೀಲಿಯೋಸ್, ಹಿಂದಿನ ಎಲೆಗಳನ್ನು ಸುಳಿಯಂತೆ ಸುತ್ತಿಸುತ್ತದೆ. ಜನ ಅದನ್ನು ಹುಡುಕಿಕೊಂಡು ಹೋಗುವುದೇ ಇದಕ್ಕೆ. ನನಗೆ ಆ ಸುಳಿ ಬೇಗ ಸಾಕಾಗುತ್ತದೆ.

ಹಂತ 8: ನೋಡುವುದು

ಲೆನ್ಸ್‌ನ ಹೆಸರು ಗೊತ್ತಿದ್ದರೆ ಕಣ್ಣು ಜಾಸ್ತಿ ದುಡ್ಡು ಕೊಟ್ಟದ್ದರ ಕಡೆಗೇ ವಾಲುತ್ತದೆ. ಬೇರೆಯವರ ಕೈಲಿ ಫೈಲ್‌ಗಳ ಹೆಸರು ಬದಲಾಯಿಸಿ, ನಿಮ್ಮ ಆಯ್ಕೆ ಬರೆದಿಟ್ಟ ಮೇಲೆ ಬಿಚ್ಚಿ ನೋಡಿ. 100%ಕ್ಕಿಂತ ಹೆಚ್ಚು ಹಿಗ್ಗಿಸಬೇಡಿ. ಅಷ್ಟಕ್ಕೂ ವ್ಯತ್ಯಾಸ ಸಿಗದಿದ್ದರೆ ಫೋಕಸ್ ಉಂಗುರ ಯಾವುದರಲ್ಲಿ ನಯವಾಗಿ ತಿರುಗುತ್ತದೋ ಅದನ್ನು ಇಟ್ಟುಕೊಳ್ಳಿ.